ಲಾರಿಗಳ ಹೇರಿನ ಮಿತಿ ಮತ್ತು ರಹದಾರಿ ನಿಯಮಗಳ ಏಕರೂಪತೆ

ಬೆಳಗಾವಿ ಸೀಮೆಯ ಕಬ್ಬು ಗಡಿಯನ್ನು ದಾಟಿ ಮಹಾರಾಷ್ಟ್ರದ ಕಾರ್ಖಾನೆಗಳಿಗೂ ಹೋಗುವುದುಂಟು. ಹೀಗೆ ಒಂದೇ ಲಾರಿಯು ಒಂದೇ ದಿನದಲ್ಲಿ ಎರಡು ಸರ್ಕಾರಗಳ ಅಧಿಕಾರಕ್ಕೆ ಒಳಪಡುತ್ತದೆ. ಆದುದರಿಂದ ಹೇರಿನ ನಿಯಮಗಳನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಅರಿತಿರುವುದು ಅವಶ್ಯಕ.

ರಸ್ತೆಯನ್ನು ಕೆಡಿಸುವುದು ಲಾರಿಯ ಒಟ್ಟು ತೂಕಕ್ಕಿಂತ ಹೆಚ್ಚಾಗಿ ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರ. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ೧೯೫೮ರಿಂದ ೧೯೬೦ರವರೆಗೆ ನಡೆದ ಪರೀಕ್ಷೆಗಳಿಂದ, ಅಚ್ಚಿನ ಭಾರವು ಇಮ್ಮಡಿಯಾದರೆ ರಸ್ತೆಯ ಸವೆತವು ಸುಮಾರು ೧೬ ಪಟ್ಟು ಆಗುವುದೆಂದು ತಿಳಿದುಬಂದಿತು. ತೆಳುವಾದ ಹಳ್ಳಿಯ ರಸ್ತೆಗಳಿಗೆ ಈ ಹಾನಿಯು ಬೇಗನೆ ತಟ್ಟುವುದು.

ನಮ್ಮ ದೇಶದಲ್ಲಿ ೧೯೮೮ನೆಯ ಮೋಟಾರು ವಾಹನ ಕಾಯಿದೆಯಂತೆ ಅಚ್ಚಿನ ಭಾರದ ಮಿತಿಯನ್ನು ಕೇಂದ್ರ ಸರ್ಕಾರವು ಗೊತ್ತುಮಾಡುತ್ತದೆ. ೨೦೧೮ನೆಯ ಜುಲೈ ತಿಂಗಳಲ್ಲಿ ನಾಲ್ಕು ಟೈರುಗಳ ಒಂಟಿ ಅಚ್ಚಿನ ಮಿತಿಯು ೧೦.೨ ಟನ್ನಿನಿಂದ ೧೧.೫ ಟನ್ನಿಗೂ, ಜೋಡಿ ಅಚ್ಚಿನದು ೧೯ರಿಂದ ೨೧ ಟನ್ನಿಗೂ ಏರಿತು. ಆದರೆ ನಿರ್ದಿಷ್ಟ ರಸ್ತೆಗಳಲ್ಲಿ ಸಂಚಾರವನ್ನು ನಿರ್ಬಂಧಿಸುವುದೂ, ರಾಜಿ ದಂಡದ ಮೊತ್ತವನ್ನು ನಿಗದಿಮಾಡುವುದೂ ರಾಜ್ಯಗಳಿಗೆ ಸೇರಿದೆ. ಭೇದಗಳು ಹುಟ್ಟುವುದು ಇಲ್ಲಿಯೇ. ಹಿಂದೆ ಕೆಲವು ರಾಜ್ಯಗಳು ಶುಲ್ಕ ಪಡೆದು ಮಿತಿಮೀರಿದ ಲಾರಿಗಳನ್ನು ಮುಂದೆ ಬಿಡುತ್ತಿದ್ದವು. ೨೦೦೫ನೆಯ ನವೆಂಬರಿನಲ್ಲಿ ಪರಂಜಿತ್ ಭಾಸಿನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪದ್ಧತಿಯನ್ನು ತಳ್ಳಿಹಾಕಿ, ಹೆಚ್ಚಿನ ಹೇರನ್ನು ಇಳಿಸಿಯೇ ವಾಹನವನ್ನು ಬಿಡಬೇಕೆಂದು ತೀರ್ಮಾನಿಸಿತು.

ಇಲ್ಲಿ ಒಂದು ಭೇದವನ್ನು ಗಮನಿಸತಕ್ಕದ್ದು. ಕಬ್ಬು, ಭತ್ತ, ಗೊಬ್ಬರ ಇವು ಬಿಡಿಸಿ ಸಾಗಿಸಬಹುದಾದ ಹೇರುಗಳು. ಇವನ್ನು ಎರಡು ಸಲ ಸಾಗಿಸಬಹುದಾದುದರಿಂದ ವಿಶೇಷ ಅಪ್ಪಣೆಯನ್ನು ಬೇಡಲು ಕಾರಣವಿಲ್ಲ. ಸಕ್ಕರೆ ಕಾರ್ಖಾನೆಯ ಬಾಯ್ಲರು, ವಿದ್ಯುತ್ತಿನ ದೊಡ್ಡ ಟ್ರಾನ್ಸ್‌ಫಾರ್ಮರು ಇವು ಬಿಡಿಸಲಾಗದವು. ಇಂಥವುಗಳಿಗೆ ಮಾತ್ರ ವಿಶೇಷ ರಹದಾರಿಯು ಸಲ್ಲುತ್ತದೆ. ಭತ್ತ ಕೊಯ್ಯುವ ಯಂತ್ರದ ೧೪ ಅಡಿಯ ಕತ್ತರಿಯೂ ವಾಹನಗಳ ೨.೬ ಮೀಟರ್ ಅಗಲದ ಮಿತಿಯನ್ನು ಮೀರುತ್ತದೆ. ಅದನ್ನು ಕಳಚಿ ಉದ್ದುದ್ದವಾಗಿ ಸಾಗಿಸುವುದರಿಂದ ಈ ತೊಡಕು ತಪ್ಪುತ್ತದೆ.

ನಿಯಮಗಳು ಏಕರೂಪವಾಗಬೇಕೆಂದರೆ ಎಲ್ಲ ಸೇತುವೆಗಳೂ ಒಂದೇ ಭಾರವನ್ನು ಹೊರಬೇಕೆಂದು ಅರ್ಥವಲ್ಲ. ಹಳೆಯ ಸೇತುವೆಯ ಶಕ್ತಿಯನ್ನು ಆಯಾ ಸ್ಥಳದ ಇಂಜಿನಿಯರೇ ಹೇಳಬೇಕು. ಆದರೆ ಅರ್ಜಿಯ ನಮೂನೆ, ಹೇರಿನ ವ್ಯಾಖ್ಯೆ, ಸಂಚಾರದ ವೇಳೆ, ಬೆಂಗಾವಲಿನ ಕ್ರಮ, ರಹದಾರಿಯ ಅವಧಿ ಇವು ಎಲ್ಲೆಡೆಯೂ ಒಂದೇ ಆಗಿದ್ದರೆ, ಗಡಿಯಲ್ಲಿ ವಾಹನವು ನಿಂತು ಕಬ್ಬು ಒಣಗುವುದಾಗಲಿ, ಯಂತ್ರವು ತಡವಾಗಿ ಕೊಯ್ಲು ಕೆಡುವುದಾಗಲಿ ಕಡಮೆಯಾಗುವುದು.

೨೦೧೯ರಲ್ಲಿ ತಿದ್ದುಪಡಿಯಾದ ೧೯೪ನೆಯ ಪ್ರಕರಣದ ಮೇರೆಗೆ ಮಿತಿಮೀರಿದ ತೂಕಕ್ಕೆ ೨೦,೦೦೦ ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ ೨,೦೦೦ ರೂಪಾಯಿ ದಂಡವಿದೆ. ಇದು ಚಾಲಕನಿಗೆ ಮಾತ್ರವಲ್ಲದೆ, ಹಾಗೆ ವಾಹನವನ್ನು ನಡೆಯಿಸಿದವರಿಗೂ ನಡೆಯಗೊಟ್ಟವರಿಗೂ ಅನ್ವಯಿಸುತ್ತದೆ. ಆದಕಾರಣ ಲಾರಿಯು ಹೊಲದಿಂದ ಹೊರಡುವ ಮುನ್ನ ಅದರ ನೋಂದಣಿ ಪತ್ರದಲ್ಲಿರುವ ತೂಕವನ್ನು ನೋಡಿ ಹೇರಿಸುವುದೂ, ಹತ್ತಿರದ ವೇಬ್ರಿಡ್ಜಿನಲ್ಲಿ ತೂಗಿಸುವುದೂ ಕ್ಷೇಮಕರವು.