ಉತ್ತರದ ಉಪಯುಕ್ತತೆಯ ಅಳತೆ: ಬಾಣಾವರ ಸೀಮೆಯ ತೆಂಗಿನ ಪ್ರಶ್ನೋತ್ತರಗಳ ನೆಲೆಯಲ್ಲಿ

ಕೃಷಿಕರ ಪ್ರಶ್ನೆಗಳಿಗೆ ಅವರವರ ಭಾಷೆಯಲ್ಲಿಯೇ ದೂರವಾಣಿಯ ಮೂಲಕ ಉತ್ತರಿಸುವ ಕಿಸಾನ್ ಕಾಲ್ ಸೆಂಟರ್ ವ್ಯವಸ್ಥೆಯನ್ನು ಕೇಂದ್ರ ಕೃಷಿ ಸಚಿವಾಲಯವು 2004ರ ಜನವರಿ 21ರಂದು ಆರಂಭಿಸಿತು. ಈ ಪ್ರಶ್ನೋತ್ತರಗಳ ಸಂಕ್ಷಿಪ್ತ ದಾಖಲೆಗಳನ್ನು ಸರ್ಕಾರದ ಮುಕ್ತ ದತ್ತಾಂಶ ಜಾಲತಾಣದಲ್ಲಿ ಪ್ರಕಟಿಸಲಾಗಿರುವುದರಿಂದ, ಒಬ್ಬನಿಗೆ ಹೇಳಿದ ಉತ್ತರವನ್ನು ಅನೇಕರು ಓದುವ ಅವಕಾಶ ಒದಗಿದೆ. ದಾಖಲೆಯಲ್ಲಿ ಋತು, ಬೆಳೆ, ಪ್ರಶ್ನೆ, ಉತ್ತರ, ಜಿಲ್ಲೆ, ತಾಲ್ಲೂಕು, ದಿನಾಂಕಗಳಿವೆ. ಉತ್ತರದಿಂದ ಪ್ರಯೋಜನವಾಯಿತೇ ಎಂಬುದಕ್ಕೆ ಮಾತ್ರ ಅಂಕಣವಿಲ್ಲ. ಸ್ಥಳದ ಹೆಸರೂ ತಾಲ್ಲೂಕಿಗೇ ನಿಲ್ಲುತ್ತದೆ. ಬಾಣಾವರ ಹೋಬಳಿಯ ಪ್ರಶ್ನೆಯೂ ಗಂಡಸಿ ಹೋಬಳಿಯ ಪ್ರಶ್ನೆಯೂ ಅಲ್ಲಿ ಅರಸೀಕೆರೆಯದೇ.

ಓದುಗರ ಮೆಚ್ಚುಗೆಯನ್ನು ಎಣಿಸಿದರೆ ಈ ಕೊರತೆ ನೀಗುವುದೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಮುಚ್ನಿಕ್, ಅರಾಲ್, ಟೇಲರ್ ಎಂಬ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನು ಅಲುಗಿಸುತ್ತದೆ. ಓದುಗರ ಬರಹಗಳಿಗೆ ಮೊದಲಿಗೇ ಒಂದು ಕೃತಕ ಮೆಚ್ಚುಗೆಯನ್ನು ಸೇರಿಸಿದಾಗ ಅವುಗಳ ಅಂತಿಮ ಅಂಕವು ಸರಾಸರಿ ಶೇಕಡಾ 25ರಷ್ಟು ಏರಿತು. ಬರಹದ ಗುಣ ಬದಲಾಗಿರಲಿಲ್ಲ.

ತೆಂಗಿನ ವಿಷಯದಲ್ಲಿ ತೊಡಕು ಇನ್ನೂ ಆಳವಾದುದು. ಭಾರತದಲ್ಲಿ 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಮೊದಲು ವರದಿಯಾಗಿ ಕರ್ನಾಟಕಕ್ಕೂ ಹಬ್ಬಿದ ನುಸಿಯನ್ನೇ ಉದಾಹರಣೆಯಾಗಿ ಪರಿಶೀಲಿಸಬಹುದು. ಈ ಸೂಕ್ಷ್ಮಜೀವಿಯು ಎಳೆಯ ಹರಳಿನ ತೊಟ್ಟಿನ ಬಳಿ, ಟೋಪಿಯಂತೆ ಮುಚ್ಚಿಕೊಂಡಿರುವ ಎಸಳುಗಳ ಅಡಿಯಲ್ಲಿ ಅಡಗಿ ರಸ ಹೀರುತ್ತದೆ. ಮೊದಲು ಬಿಳಿಚಿದ ತ್ರಿಕೋನಾಕಾರದ ಮಚ್ಚೆ ಕಾಣಿಸುತ್ತದೆ. ಕಾಯಿ ಬೆಳೆದಂತೆ ಅದು ಕಂದು ಬಣ್ಣಕ್ಕೆ ತಿರುಗಿ ಬಿರಿಯುತ್ತದೆ. ಬಲಿತ ಕಾಯಿಗಳನ್ನು ಮೊದಲೇ ಕಿತ್ತು, ಬೇರಿನ ಮೂಲಕ ಬೇವಿನ ಕೀಟನಾಶಕ ಉಣಿಸಬೇಕೆಂಬ ಸಲಹೆ ಸರಿಯಾದುದೇ. ಆದರೆ ಗಾಯವಾದ ಕಾಯಿ ಮತ್ತೆ ನಯವಾಗುವುದಿಲ್ಲ. ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಹನ್ನೆರಡು ತಿಂಗಳು ಬೇಕು. ಚಿಕಿತ್ಸೆಯ ಫಲ ಕಾಣುವುದು ಮುಂದೆ ಕಚ್ಚುವ ಹರಳುಗಳಲ್ಲಿ. ವಾರದ ನಂತರ ‘ಉತ್ತರ ಉಪಯೋಗವಾಯಿತೇ?’ ಎಂದು ಕೇಳಿದರೆ, ಮರದ ಮೇಲೆ ಅದೇ ಬಿರಿದ ಕಾಯಿಗಳನ್ನು ನೋಡುತ್ತಿರುವ ರೈತ ‘ಇಲ್ಲ’ ಎನ್ನುವನು. ಅವನ ಮಾತು ಸುಳ್ಳಲ್ಲ, ಆದರೆ ಅದು ಉತ್ತರದ ಅಳತೆಯೂ ಅಲ್ಲ. ಕಪ್ಪುತಲೆ ಹುಳುವಿಗೆ ಗೋನಿಯೋಜಸ್ ಪರಾವಲಂಬಿಗಳನ್ನು ಬಿಟ್ಟಾಗಲೂ ಹೀಗೆಯೇ: ಒಣಗಿದ ಗರಿ ಒಣಗಿದ್ದಾಗಿಯೇ ಇರುತ್ತದೆ, ಹೊಸ ಗರಿಗಳನ್ನು ನೋಡಬೇಕಾಗುತ್ತದೆ.

ಈ ಸೀಮೆಯ ಬೇಸಾಯಕ್ಕೆ ಇನ್ನೊಂದು ವಿಶೇಷವಿದೆ. ಅರಸೀಕೆರೆ, ತಿಪಟೂರುಗಳ ಮಾರುಕಟ್ಟೆ ಹೆಸರಾಗಿರುವುದು ಉಂಡೆ ಕೊಬ್ಬರಿಗೆ. ಪೂರ್ತಿ ಬಲಿತ ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಿಸಿ, ಒಳಗಿನ ನೀರು ಆರಿದ ಮೇಲೆ ಸುಲಿಯುತ್ತಾರೆ. ಎಳನೀರಿಗಾಗಿ ಬೆಳೆಯುವ ಊರಿಗೆ ಹೇಳಿದ ಕೊಯ್ಲಿನ ಸಲಹೆ ಅಲ್ಲಿ ಎಷ್ಟೇ ಪ್ರಶಂಸೆ ಪಡೆದಿರಲಿ, ಬಾಣಾವರದ ಓದುಗನ ಅಟ್ಟಕ್ಕೆ ಹೊಂದುವುದಿಲ್ಲ. ಆದುದರಿಂದ, ತನ್ನ ತೋಟಕ್ಕೆ ಇದು ಅನ್ವಯಿಸುವುದೇ ಎಂದು ಓದುಗನೇ ಪರೀಕ್ಷಿಸಿಕೊಳ್ಳಲು ಉತ್ತರದಲ್ಲಿ ಆಧಾರವಿದೆಯೇ ಎಂಬುದೇ ಮೊದಲ ಮಾನದಂಡವಾಗಬೇಕು. ‘ಔಷಧ ಕೊಡಿ’ ಎಂಬ ಉತ್ತರದಲ್ಲಿ ಅಂಥ ಆಧಾರವಿಲ್ಲ. ಯಾವ ಲಕ್ಷಣವಿದ್ದರೆ, ಯಾವ ಹಂತದಲ್ಲಿ, ಫಲ ಎಲ್ಲಿ ಕಾಣುವುದು ಎಂದು ಹೇಳಿದರೆ ಇದೆ.

ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಆರಂಭಿಸಿದ ‘ಇಗೋ ಕನ್ನಡ’ ಅಂಕಣವನ್ನು ಇಲ್ಲಿ ಹೋಲಿಕೆಗೆ ತರಬಹುದು. ಪದದ ಅರ್ಥ ಕೇಳಿದ ಓದುಗ ಉತ್ತರವನ್ನು ತನ್ನ ವಾಕ್ಯಕ್ಕೆ ಹಚ್ಚಿ ಆ ಕ್ಷಣವೇ ಪರೀಕ್ಷಿಸಬಲ್ಲ. ಅಂಕಣವು ಮುಂದೆ ನಿಘಂಟಿನ ರೂಪದಲ್ಲಿ ಸಂಪುಟಗಳಾದುದೂ ಆ ಉತ್ತರಗಳ ಬಾಳಿಕೆಗೆ ಸಾಕ್ಷಿ. ತೆಂಗಿನ ತೋಟದ ಉತ್ತರಕ್ಕೆ ಅಂಥ ತಕ್ಷಣದ ಪರೀಕ್ಷೆಯಿಲ್ಲ.

ಅದೇ ಪ್ರಶ್ನೆ ಮತ್ತೆ ಬಂದರೆ ಉತ್ತರ ಸೋತಿತೆಂದು ಎಣಿಸುವ ಕ್ರಮವೂ ಉಂಟು. ಪೀಡೆ ಮರುಕಳಿಸಿದರೂ, ಉತ್ತರ ಪಕ್ಕದ ಊರಿಗೆ ತಲುಪದಿದ್ದರೂ ಪ್ರಶ್ನೆ ಮತ್ತೆ ಬರುವುದೆಂಬುದನ್ನು ಈ ಎಣಿಕೆ ಮರೆಯುತ್ತದೆ. ದಾಖಲೆಗೆ ಎರಡೇ ಅಂಕಣಗಳನ್ನು ಕೂಡಿಸಿದರೆ ಈ ಭೇದಗಳನ್ನು ಬಿಡಿಸಿ ನೋಡುವುದು ಸಾಧ್ಯ: ಒಂದು, ಹೋಬಳಿಯ ಹೆಸರು, ಇನ್ನೊಂದು, ಒಂದು ವರ್ಷದ ಮೇಲೆ, ಹೊಸ ಕಾಯಿ ಬಲಿತಾಗ ಅದೇ ರೈತನಿಗೆ ಮರಳಿ ಮಾಡಿದ ಕರೆಯ ವಿವರ.