ಕಡಬ ಕೆರೆಯ ಕವರ್ ಕಡಲು ಸೇರೀತೇ?

ಬೆಳ್ಳಾವಿ ಕಡೆಯ ಓದುಗರೊಬ್ಬರ ಪ್ರಶ್ನೆ: "ಸಮುದ್ರದ ಪ್ಲಾಸ್ಟಿಕ್ ಬಾಚುವ ಹಡಗಿನ ವಿಡಿಯೋ ಎಲ್ಲರ ಮೊಬೈಲಲ್ಲೂ ಓಡುತ್ತಿದೆ. ನಮ್ಮ ಕಡೆ ಕೆರೆಗೆ ಬಿದ್ದ ಚಿಪ್ಸ್ ಕವರ್ ಅಲ್ಲಿಯವರೆಗೂ ಹೋಗುತ್ತದಾ?" ಬೆಳ್ಳಾವಿಯಿಂದ ವಿಜ್ಞಾನದ ಪ್ರಶ್ನೆ ಬಂದರೆ ತಳ್ಳಿಹಾಕುವಂತಿಲ್ಲ. 1918ರಲ್ಲಿ 'ವಿಜ್ಞಾನ' ಎಂಬ ಕನ್ನಡದ ಮೊದಲ ವಿಜ್ಞಾನ ಮಾಸಪತ್ರಿಕೆಯನ್ನು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ಹೊರಡಿಸಿದವರು ಅದೇ ಊರಿನ ಹೆಸರು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬಹುಮಟ್ಟಿಗೆ ಹೋಗುವುದಿಲ್ಲ. ಹಾಗಂತ ನೆಮ್ಮದಿಯಾಗಿರುವಂತೆಯೂ ಇಲ್ಲ.

ವಿಡಿಯೋದ ಹಡಗು 'ದಿ ಓಷನ್ ಕ್ಲೀನಪ್' ಎಂಬ ಲಾಭರಹಿತ ಸಂಸ್ಥೆಯದು. ಗ್ರೀಸ್‌ನಲ್ಲಿ ಕಡಲಿಗಿಳಿದಾಗ ಮೀನಿಗಿಂತ ಹೆಚ್ಚಾಗಿ ಪ್ಲಾಸ್ಟಿಕ್ ಚೀಲ ಕಂಡು ಬೆಚ್ಚಿದ ನೆದರ್ಲೆಂಡ್ಸ್‌ನ ಬೋಯನ್ ಸ್ಲಾಟ್ 2013ರಲ್ಲಿ, ಇನ್ನೂ 18ರ ಹುಡುಗನಾಗಿದ್ದಾಗ, ಇದನ್ನು ಕಟ್ಟಿದ. ಕಡಲ ಪ್ಲಾಸ್ಟಿಕ್ಕನ್ನು ಮೊದಲು ಕಂಡವನು ಅವನೇನಲ್ಲ. ಅಟ್ಲಾಂಟಿಕ್‌ನ ಸಾರ್ಗಾಸೊ ಸಮುದ್ರದಲ್ಲಿ ಪ್ಲವಕ ಹಿಡಿಯುವ ಬಲೆಗೆ ಪ್ಲಾಸ್ಟಿಕ್ ಚೂರು ಸಿಗುತ್ತಿವೆ ಎಂದು ಕಾರ್ಪೆಂಟರ್ ಮತ್ತು ಸ್ಮಿತ್ 1972ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1997ರಲ್ಲಿ ಚಾರ್ಲ್ಸ್ ಮೂರ್ ಹಾಯಿದೋಣಿಯಲ್ಲಿ ಪೆಸಿಫಿಕ್ ದಾಟುತ್ತಾ ಕಸದ ಬಯಲನ್ನೇ ಕಂಡ ಮೇಲೆ ಸುದ್ದಿ ಜಗತ್ತಿಗೆ ಮುಟ್ಟಿತು. ಅದು ನಡೆದಾಡಬಹುದಾದ ಕಸದ ದ್ವೀಪ ಎಂದು ಹೇಳುವವರಿದ್ದಾರೆ; ನಂಬಬೇಡಿ. 16 ಲಕ್ಷ ಚದರ ಕಿಲೋಮೀಟರಿನಲ್ಲಿ ಸುಮಾರು 79,000 ಟನ್ ಎಂಬುದು 2018ರ ಅಂದಾಜು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮೀನುಬಲೆ.

ಅದೇ 2018ರಲ್ಲಿ ಸ್ಲಾಟ್ 600 ಮೀಟರ್ ಉದ್ದದ ತೇಲುಬೇಲಿಯನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಕಡಲಿಗೆ ಎಳೆಸಿದ. ಸಿಕ್ಕ ಕಸ ಮತ್ತೆ ಆಚೆ ತೇಲಿಹೋಯಿತು, ವರ್ಷ ಕಳೆಯುವುದರೊಳಗೆ ಬೇಲಿಯ ತುದಿಯೇ ಮುರಿಯಿತು. ಈಗಿನವು ದೊಡ್ಡವು, ಎಳೆಯಲು ಎರಡು ಹಡಗು ಬೇಕು. ನೀರಿನ ಮೇಲ್ಮೈಯಲ್ಲೇ ತೇಲುತ್ತಾ ಬದುಕುವ ಪುಟ್ಟ ಜೀವಿಗಳೂ ಬಲೆಗೆ ಬೀಳುತ್ತವೆಂದು ಜೀವವಿಜ್ಞಾನಿಗಳು ತಕರಾರು ತೆಗೆದಿದ್ದಾರೆ. ಇಷ್ಟು ದೂರ ಹೋಗಿ ಬಾಚುವ ಬದಲು ಬರುವ ದಾರಿಯಲ್ಲೇ ಹಿಡಿಯೋಣ ಎಂದು ಸಂಸ್ಥೆ 2019ರಿಂದ ನದಿಗಳಿಗೂ ಯಂತ್ರ ಇಳಿಸಿದೆ. ಈ ಭಾಗ ನನಗೆ ಹೆಚ್ಚು ಮೆಚ್ಚುಗೆ.

ಯಾವ ನದಿಗೆ ಇಳಿಸಬೇಕು? ನದಿಗಳು ಹೊರುವ ಪ್ಲಾಸ್ಟಿಕ್ಕಿನಲ್ಲಿ ಶೇಕಡ 90ರಷ್ಟು ಹತ್ತೇ ನದಿಗಳದ್ದು ಎಂದು 2017ರ ಒಂದು ಅಧ್ಯಯನ ಹೇಳಿತ್ತು. ಭಾಷಣಕಾರರು ಇವತ್ತಿಗೂ ಅದನ್ನೇ ಹಿಡಿದುಕೊಂಡಿದ್ದಾರೆ. ಸ್ಲಾಟ್ ಸಂಸ್ಥೆಯ ವಿಜ್ಞಾನಿಗಳು ಸೇರಿ 2021ರಲ್ಲಿ ಮಾಡಿದ ಲೆಕ್ಕ ಅದನ್ನು ತಲೆಕೆಳಗು ಮಾಡಿತು: ಶೇಕಡ 80ಕ್ಕೆ ಸಾವಿರಕ್ಕೂ ಹೆಚ್ಚು ನದಿಗಳು ಬೇಕು, ಅವುಗಳಲ್ಲಿ ಹೆಚ್ಚಿನವು ಕಡಲತೀರದ ಊರುಗಳ ಚಿಕ್ಕ ಹೊಳೆಗಳು. ಮನಿಲಾದ ಪಾಸಿಗ್ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ ಉದ್ದ, ಪಟ್ಟಿಯಲ್ಲಿ ಅದೇ ಮೊದಲು. ಆ 2021ರ ಲೆಕ್ಕದ ಇನ್ನೊಂದು ಅಂಕಿ ವಿಡಿಯೋಗಳಲ್ಲಿ ಬರುವುದಿಲ್ಲ. ನೆಲದ ಮೇಲೆ ದಿಕ್ಕಾಪಾಲಾಗಿ ಬಿದ್ದ ಪ್ಲಾಸ್ಟಿಕ್ಕಿನಲ್ಲಿ ವರ್ಷಕ್ಕೆ ಕಡಲು ಸೇರುವುದು ಶೇಕಡ 1.5ರ ಆಸುಪಾಸು. ಉಳಿದ 98.5 ನೆಲದಲ್ಲೇ!

ರಾಗಿ ಕಣ ನೋಡಿದವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ. ಮೊರ ಎತ್ತಿ ತೂರಿದರೆ ಕಾಳು ಕಾಲಬುಡಕ್ಕೆ, ಹೊಟ್ಟು ನಾಲ್ಕು ಮಾರು ಆಚೆಗೆ, ದೂಳು ಪಕ್ಕದವರ ಹೊಲಕ್ಕೆ. ಗಾಳಿ ಸತ್ತರೆ ಎಲ್ಲವೂ ಬುಡಕ್ಕೇ. ಹರಿಯುವ ನೀರೂ ಹೀಗೇ ತೂರುತ್ತದೆ. ಮುಚ್ಚಳ ಬಿಗಿದ ನೀರಿನ ಬಾಟಲಿ ಒಳಗಿನ ಗಾಳಿಯಿಂದ ದೂರ ತೇಲುತ್ತದೆ. ಮುಚ್ಚಳ ಹೋಗಿ ನೀರು ತುಂಬಿತೋ, ಪೆಟ್ ಪ್ಲಾಸ್ಟಿಕ್ ನೀರಿಗಿಂತ ಭಾರ, ತಳ ಸೇರುತ್ತದೆ. ಚಿಪ್ಸ್ ಕವರಿನ ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ. ಆದರೆ ಕೆಲವೇ ವಾರಗಳಲ್ಲಿ ಅದರ ಮೈಗೆ ಪಾಚಿ ಹತ್ತಿ, ಪಾಚಿಗೆ ಗೋಡು ಅಂಟಿ, ಅದೂ ಮುಳುಗಬಹುದು. ತೂರುವ ಗಾಳಿ ನಿಲ್ಲುವಂತೆ ನೀರು ನಿಲ್ಲುವ ಜಾಗ ಯಾವುದು? ಕೆರೆ. ನಮ್ಮ ತುಮಕೂರು ಜಿಲ್ಲೆಯಲ್ಲಿ ಅದಕ್ಕೇನು ಬರ!

ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಹೊಳೆಗಳಲ್ಲಿ ಜಯಮಂಗಲಿ ಉತ್ತರಕ್ಕೆ ಪೆನ್ನೆಯ ಕಡೆ ಹೋದರೆ ಶಿಂಷೆ ದಕ್ಷಿಣಕ್ಕೆ ಕಾವೇರಿಯ ಕಡೆ. ಶಿಂಷೆಯ ದಾರಿಯನ್ನೇ ಹಿಡಿಯೋಣ. ಗುಬ್ಬಿ ತಾಲ್ಲೂಕಿನಲ್ಲಿ ಕಡಬದ ದೊಡ್ಡ ಕೆರೆ. ಅದರ ಕೋಡಿ ದಾಟಿದ ಕವರಿಗೆ ಕುಣಿಗಲ್ ತಾಲ್ಲೂಕಿನಲ್ಲಿ ಮಾರ್ಕೋನಹಳ್ಳಿ ಜಲಾಶಯ. ಅಲ್ಲಿ ಹೆಚ್ಚಾದ ನೀರನ್ನು ಸೈಫನ್‌ಗಳು ತಾವಾಗಿಯೇ ಆಚೆ ಹಾಕುತ್ತವೆ. ಸೈಫನ್ನಿನ ಬಾಯಿ ನೀರಿನ ಮಟ್ಟದ ಕೆಳಗಿರುವುದರಿಂದ ತೇಲುವ ಕಸ ಸುಲಭಕ್ಕೆ ಒಳಹೋಗದು. ಅಲ್ಲೂ ತಪ್ಪಿಸಿಕೊಂಡು ಮದ್ದೂರು ದಾಟಿ ಕಾವೇರಿ ಸೇರಿದರೆ ಮೆಟ್ಟೂರು, ಆಮೇಲೆ ಕಲ್ಲಣೆ. ಪೂಂಪುಹಾರಿನ ಅಳಿವೆ ಕಾಣುವ ಯೋಗ ಯಾವ ಕವರಿಗಿದೆ? ಮಳೆ ಕೈಕೊಟ್ಟ ವರ್ಷ ಕಡಬದ ಕೋಡಿಯೇ ಬೀಳುವುದಿಲ್ಲ.

ಹೀಗೆ ನಿಂತದ್ದು ಬಿಸಿಲಿಗೆ ಗರಿಗರಿಯಾಗಿ ಪುಡಿಯಾಗುತ್ತದೆ. ನೇತ್ರಾವತಿಯನ್ನು ಮೂಲದಿಂದ ಅಳಿವೆಯವರೆಗೆ ಜಾಲಾಡಿದ ಮಣಿಪಾಲದ ಸಂಶೋಧಕರಿಗೆ 2020ರಲ್ಲಿ ನೀರು, ಹೂಳು, ದಡದ ಮಣ್ಣು ಮೂರರಲ್ಲೂ ಸೂಕ್ಷ್ಮ ಪ್ಲಾಸ್ಟಿಕ್ ಸಿಕ್ಕಿತು. ಒಂದು ಕಿಲೋ ಹೂಳಿಗೆ ಸರಾಸರಿ 96 ಚೂರು. ಕೆಆರ್‌ಎಸ್ ಬಳಿಯ ನೀರಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಕಂಡ ಭಾರತೀಯ ವಿಜ್ಞಾನ ಸಂಸ್ಥೆಯವರು ಅದೇ ನೀರಿನಲ್ಲಿ ಜೀಬ್ರಾ ಮೀನಿನ ಭ್ರೂಣ ಬೆಳೆಸಿದಾಗ, ನಿಧಾನವಾಗಿ ಹರಿಯುವ ಮತ್ತು ನಿಂತ ನೀರಿನವಕ್ಕೆ ಮೂಳೆ ಸೊಟ್ಟಗಾದವು. ದೋಷ ಪ್ಲಾಸ್ಟಿಕ್ಕಿನದೊಂದೇ ಎಂದು ಅಷ್ಟರಿಂದ ತೀರ್ಮಾನಿಸಲಾಗದು. ಆ ನೀರಿನಲ್ಲಿ ಬೇರೆ ರಾಸಾಯನಿಕಗಳೂ ಇದ್ದವು.

ಇನ್ನು ನಮ್ಮ ಕೆರೆಯ ಹೂಳು ಕೆರೆಯಲ್ಲೇ ಇರುವುದಿಲ್ಲವಲ್ಲ. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಹತ್ತಿ ಅಡಿಕೆ ತೋಟಕ್ಕೆ, ತೆಂಗಿನ ಬುಡಕ್ಕೆ ಹೋಗುತ್ತದೆ. ಸಾರವುಳ್ಳ ಮಣ್ಣೆಂದು ರೈತರು ಕಾಸು ಕೊಟ್ಟು ಹೊಡೆಸುವ ಗೋಡಿನಲ್ಲಿ ಗುಟ್ಕಾ ಚೀಟಿ, ಅಡಿಕೆ ಸಸಿಯ ಕಪ್ಪು ಕವರು, ಹಳೇ ಡ್ರಿಪ್ ಪೈಪಿನ ತುಂಡು. ಕೈಚೀಲಗಳಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಗೋಡಿಗೆ ಅದು ಗೊತ್ತಿಲ್ಲ.

ಕಡಲಿನ ಹಡಗಿಗಿಂತ ಕೆರೆಗೆ ನೀರು ಬರುವ ಕಾಲುವೆಯ ಬಾಯಿಗೊಂದು ಸರಳಿನ ಜಾಲರಿ ನಮಗೆ ಹೆಚ್ಚು ಉಪಯೋಗಕ್ಕೆ ಬಂದೀತು. ಪಂಚಾಯಿತಿ ಖರ್ಚಿನಲ್ಲೇ ಆಗುವ ಕೆಲಸ. ಆದರೆ 2022ರಲ್ಲಿ ಗ್ವಾಟೆಮಾಲಾದ ಹೊಳೆಗೆ ಸ್ಲಾಟ್ ಸಂಸ್ಥೆ ಹಾಕಿದ ಬೇಲಿ ಕಸದ ಒತ್ತಡಕ್ಕೆ, ಬುಡದ ಮಣ್ಣು ಕೊಚ್ಚಿಹೋಗಿ ಸೋತಿತು. ಜಾಲರಿಗೆ ಕಸ ಕಟ್ಟಿಕೊಂಡರೆ ಅದೇ ಒಂದು ಒಡ್ಡು: ನೀರು ಹಿಂದಕ್ಕೊತ್ತಿ ರಸ್ತೆಗೆ ನುಗ್ಗುತ್ತದೆ, ಇಲ್ಲವೇ ಕಂಬವನ್ನೇ ಕಿತ್ತೊಯ್ಯುತ್ತದೆ. ಹಾಗಾಗಿ ಕಬ್ಬಿಣದ ಕ್ರಯಕ್ಕಿಂತ ಮಳೆಗಾಲದುದ್ದಕ್ಕೂ ಅದನ್ನು ಬಳಿಯುವ ಆಳಿನ ಕೂಲಿಯನ್ನು ಮೊದಲು ಬಜೆಟ್ಟಿನಲ್ಲಿ ಬರೆಯಬೇಕು.