ಕೈಗೆ ಭಾರ, ಗುರಿಗೆ ಹಗುರ
ಸ್ಪರ್ಧೆಗೆಂದು ಉಕ್ಕಿನ ಪಿಸ್ತೂಲನ್ನು ಆರಿಸುವುದೂ ಒಂದು ವಿದ್ಯೆ

ಹೊತ್ತು ನಡೆಯುವವನಿಗೆ ಹೊರೆ ಹಗುರವಾದಷ್ಟೂ ಸುಖ. ದಿನವಿಡೀ ಸೊಂಟದಲ್ಲಿ ಪಿಸ್ತೂಲನ್ನು ಧರಿಸಿ ತಿರುಗಬೇಕಾದ ಸೈನಿಕನೂ ಪೋಲೀಸಿನವನೂ ಅದು ಹಗುರವಾಗಿರಲೆಂದೇ ಬಯಸುತ್ತಾರೆ. ಆಸ್ಟ್ರಿಯದ ಗಾಸ್ಟನ್ ಗ್ಲಾಕ್ ರೂಪಿಸಿದ ಪ್ಲಾಸ್ಟಿಕ್ ಚೌಕಟ್ಟಿನ ಪಿಸ್ತೂಲನ್ನು ಆ ದೇಶದ ಸೈನ್ಯವು 1982ರಲ್ಲಿ ಅಂಗೀಕರಿಸಿದ ಮೇಲೆ ಜಗತ್ತಿನ ಅನೇಕ ಪೋಲೀಸು ಪಡೆಗಳು ಒಂದೊಂದಾಗಿ ಆ ದಾರಿಯನ್ನೇ ಹಿಡಿದುದಕ್ಕೆ ಇದೂ ಒಂದು ಕಾರಣ. ಖಾಲಿ ಮ್ಯಾಗಜೀನು ಸೇರಿದರೂ ಅದರ ತೂಕ ಸುಮಾರು 700 ಗ್ರಾಂ ಮಾತ್ರ.

ಆದರೆ ಸ್ಪರ್ಧೆಯ ಅಂಗಳಕ್ಕೆ ಬಂದರೆ ದೃಶ್ಯವೇ ಬೇರೆ. ಅಲ್ಲಿನ ನುರಿತ ಗುರಿಗಾರರಲ್ಲಿ ಅನೇಕರ ಕೈಯಲ್ಲಿರುವುದು ಅದರ ಎರಡರಷ್ಟು ತೂಗುವ ಅಪ್ಪಟ ಉಕ್ಕಿನ ಪಿಸ್ತೂಲು. 2016ರಲ್ಲಿ ಜೆಕ್ ದೇಶದಿಂದ ಹೊರಬಂದ ‘ಸಿಜೆಡ್ ಶ್ಯಾಡೋ 2’ ಎಂಬ ಪಿಸ್ತೂಲಿನ ತೂಕ ಸುಮಾರು 1330 ಗ್ರಾಂ. ಹದಿನೈದು ತೋಟಾಗಳನ್ನು ತುಂಬಿದರೆ ಅದು ಒಂದೂವರೆ ಕಿಲೋಗ್ರಾಂ ಮುಟ್ಟುತ್ತದೆ. ಬೆಲೆಯೂ ಹೆಚ್ಚು, ಹೊರೆಯೂ ಹೆಚ್ಚು. ಹೀಗಿದ್ದೂ ಜನ ಅದನ್ನೇ ಬಯಸುವುದೇಕೆ? ಬಯಸಿದವರಿಗೆಲ್ಲ ಅದು ಒಪ್ಪುತ್ತದೆಯೇ?

ತೆಪ್ಪದ ನ್ಯಾಯ

ತೆಪ್ಪದಿಂದ ದಡಕ್ಕೆ ಹಾರಿದವನ ಕಾಲಿನ ಒದೆತಕ್ಕೆ ತೆಪ್ಪವು ಹಿಂದಕ್ಕೆ ಸರಿಯುತ್ತದೆ. ಪುಟ್ಟ ತೆಪ್ಪವಾದರೆ ಬಹಳ ದೂರ, ದೊಡ್ಡ ದೋಣಿಯಾದರೆ ಅಷ್ಟಿಷ್ಟು. ಪಿಸ್ತೂಲಿನ ಸಂಗತಿಯೂ ಇದೇ. ಗುಂಡು ಮುಂದಕ್ಕೆ ಹಾರುವಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ಕೊಡಗಿನಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಕೋವಿ ಹಾರಿಸುವವನಿಗೆ ಈ ಒದೆತವನ್ನು ತಾಳಿಕೊಳ್ಳಲು ಹೆಗಲಿದೆ. ಪಿಸ್ತೂಲುಗಾರನಿಗೆ ಮಣಿಕಟ್ಟಿನ ಹೊರತು ಬೇರೆ ಆಸರೆಯಿಲ್ಲ.

ಒಂಬತ್ತು ಮಿಲಿಮೀಟರಿನ ಒಂದು ಗುಂಡಿನ ತೂಕ ಸುಮಾರು 8 ಗ್ರಾಂ ಎಂದಿಟ್ಟುಕೊಳ್ಳೋಣ. ಅದು ಸೆಕೆಂಡಿಗೆ 310 ಮೀಟರ್ ವೇಗದಲ್ಲಿ ಹೊರಟರೆ, ಮದ್ದಿನ ಹೊಗೆಯ ಪಾಲನ್ನು ಬಿಟ್ಟು ಲೆಕ್ಕ ಹಾಕಿದಾಗ, 700 ಗ್ರಾಂ ತೂಗುವ ಪಿಸ್ತೂಲು ಸೆಕೆಂಡಿಗೆ ಸುಮಾರು 3.5 ಮೀಟರ್ ವೇಗದಲ್ಲಿ ಕೈಯನ್ನು ಒದೆಯುತ್ತದೆ. 1330 ಗ್ರಾಂ ತೂಗುವ ಪಿಸ್ತೂಲಿನ ಒದೆತದ ವೇಗ ಸುಮಾರು 1.9 ಮೀಟರ್ ಮಾತ್ರ. ಕೈಗೆ ತಾಕುವ ಶಕ್ತಿಯೂ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಳಿಗೆಯು ಹಿಡಿತಕ್ಕಿಂತ ಮೇಲಿರುವುದರಿಂದ ಒದೆತ ನೇರವಾಗಿ ಹಿಂದಕ್ಕೆ ಮಾತ್ರ ಬರುವುದಿಲ್ಲ. ಪಿಸ್ತೂಲಿನ ಮೂತಿಯನ್ನೂ ಮೇಲಕ್ಕೆತ್ತುತ್ತದೆ. ಮೂತಿ ಎದ್ದಷ್ಟೂ ಗುರಿ ಮತ್ತೆ ಕಣ್ಣಿಗೆ ಸಿಕ್ಕುವುದು ತಡ.

ಹಾಗಾದರೆ ಮದ್ದನ್ನೇ ಕಡಿಮೆ ಮಾಡಬಾರದೇಕೆ ಎಂದು ಜಾಣರು ಕೇಳಬಹುದು. ನಿಯಮವು ಅದಕ್ಕೆ ಎಡೆಗೊಡುವುದಿಲ್ಲ. 1976ರಲ್ಲಿ ಅಮೆರಿಕದ ಮಿಸೌರಿ ಸಂಸ್ಥಾನದ ಕೊಲಂಬಿಯ ಪಟ್ಟಣದಲ್ಲಿ ಹುಟ್ಟಿದ ಐ.ಪಿ.ಎಸ್.ಸಿ. ಎಂಬ ಅಂತರರಾಷ್ಟ್ರೀಯ ಒಕ್ಕೂಟವು ಓಡುತ್ತ ನಿಲ್ಲುತ್ತ ಹಲವು ಗುರಿಗಳಿಗೆ ಹೊಡೆಯುವ ಸ್ಪರ್ಧೆಗಳನ್ನು ನಡೆಸುತ್ತದೆ. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷರು. ನಿಖರತೆ, ಶಕ್ತಿ, ವೇಗ ಈ ಮೂರೂ ಸಮವಾಗಿರಬೇಕೆಂಬುದು ಒಕ್ಕೂಟದ ಧ್ಯೇಯ. ಗುಂಡಿನ ತೂಕವನ್ನು ಗ್ರೇನುಗಳಲ್ಲಿಯೂ ವೇಗವನ್ನು ಸೆಕೆಂಡಿಗೆ ಇಷ್ಟು ಅಡಿಯೆಂದೂ ಅಳೆದು, ಗುಣಿಸಿ, ಸಾವಿರದಿಂದ ಭಾಗಿಸಿದಾಗ ಬರುವ ಸಂಖ್ಯೆ 125ಕ್ಕಿಂತ ಕಡಿಮೆಯಾಗಕೂಡದು. ಅಂದಮೇಲೆ ಒದೆತದ ಮೂಲವನ್ನು ನಿಯಮವೇ ಕಟ್ಟಿಹಾಕಿದೆ. ಸ್ಪರ್ಧಿಯ ಸ್ವಾತಂತ್ರ್ಯಕ್ಕೆ ಉಳಿದದ್ದು ಆ ಒದೆತವನ್ನು ತಾಳುವ ಉಕ್ಕು ಎಷ್ಟಿರಬೇಕೆಂಬುದೊಂದೇ.

ಅಂಕಗಳ ಹಂಚಿಕೆಯೂ ಭಾರದ ಪಕ್ಷವನ್ನೇ ವಹಿಸುತ್ತದೆ. ಕಾರ್ಖಾನೆಯಿಂದ ಬಂದ ರೂಪದಲ್ಲಿಯೇ ಬಹುಮಟ್ಟಿಗೆ ಬಳಸುವ ಪಿಸ್ತೂಲುಗಳಿಗೆ ‘ಪ್ರೊಡಕ್ಷನ್’ ಎಂಬ ವಿಭಾಗವಿದೆ. ಅಲ್ಲಿ ಗುರಿಯ ನಡುಭಾಗಕ್ಕೆ ಬಿದ್ದ ಗುಂಡಿಗೆ 5 ಅಂಕ, ಅದರಾಚೆಗೆ 3, ಅಂಚಿಗೆ 1. ಗಳಿಸಿದ ಅಂಕಗಳನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿ ಯೋಗ್ಯತೆಯನ್ನು ನಿರ್ಣಯಿಸುತ್ತಾರೆ. ಅವಸರದಲ್ಲಿ ನಡುಭಾಗ ತಪ್ಪಿದರೆ ಎರಡು ಅಂಕ ಹೋಯಿತು; ನಿಧಾನಿಸಿದರೆ ಕಾಲ ಹೋಯಿತು. ಈ ಇಕ್ಕಟ್ಟಿನಲ್ಲಿ, ಮೊದಲ ಗುಂಡಿನ ನಂತರ ತಾನಾಗಿಯೇ ಗುರಿಗೆ ಮರಳಿ ಬಂದು ನಿಲ್ಲುವ ಪಿಸ್ತೂಲು ಎಷ್ಟು ದೊಡ್ಡ ಆಸರೆಯೆಂಬುದನ್ನು ಹೇಳಬೇಕಾಗಿಲ್ಲ.

ಗುಟ್ಟಾಗಿಟ್ಟುದು ಲೋಕಕ್ಕೆಲ್ಲ ಹಂಚಿತು

ಇಂದಿನ ಉಕ್ಕಿನ ಸ್ಪರ್ಧಾ ಪಿಸ್ತೂಲುಗಳಲ್ಲಿ ಅನೇಕವು ಒಂದೇ ಮನೆತನಕ್ಕೆ ಸೇರಿದವು. ಅದರ ಮೂಲಪುರುಷನ ಹೆಸರು ‘ಸಿಜೆಡ್ 75’. ಅಂದಿನ ಜೆಕೊಸ್ಲೊವಾಕಿಯದ ಉಹೆರ್ಸ್ಕಿ ಬ್ರೋದ್ ಎಂಬ ಊರಿನ ಕಾರ್ಖಾನೆಯು, ಆಗತಾನೆ ನಿವೃತ್ತರಾಗಿದ್ದ ಫ್ರಾಂಟಿಶೆಕ್ ಕೌಟ್ಸ್ಕಿ ಎಂಬ ಶಿಲ್ಪಿಗೆ 1969ರಲ್ಲಿ ಹೊಸದೊಂದು ಪಿಸ್ತೂಲನ್ನು ರೂಪಿಸುವ ಕೆಲಸವನ್ನು ಒಪ್ಪಿಸಿತು. ಅವರು ಹಿಂದೆ ತಮ್ಮ ಸಹೋದರ ಜೋಸೆಫರೊಡನೆ ಅನೇಕ ಆಯುಧಗಳಿಗೆ ರೂಪ ಕೊಟ್ಟಿದ್ದವರು. ಈ ಸಲ ಅವರಿಗೆ ಪೂರ್ಣ ಸ್ವಾತಂತ್ರ್ಯ ದೊರೆಯಿತು. 1975ರಲ್ಲಿ ಪಿಸ್ತೂಲು ಸಿದ್ಧವಾಯಿತು.

ವಿಚಿತ್ರವೆಂದರೆ ಅದು ತನ್ನ ದೇಶದ ಸೈನ್ಯಕ್ಕೆ ಬೇಡವಾದ ಅಳತೆಯ ತೋಟಾವನ್ನು ಹಾರಿಸುವ ಪಿಸ್ತೂಲಾಗಿತ್ತು. ಪರದೇಶಗಳ ಹಣವನ್ನು ತರಲೆಂದೇ ಅದರ ಹುಟ್ಟು. ಇನ್ನೂ ವಿಚಿತ್ರವೆಂದರೆ ಅಂದಿನ ಸರಕಾರವು ಅದರ ಪೇಟೆಂಟುಗಳನ್ನು ರಹಸ್ಯವೆಂದು ಮುಚ್ಚಿಟ್ಟಿತು. ಹೊರದೇಶಗಳಲ್ಲಿ ನೋಂದಾಯಿಸಲು ಕಾರ್ಖಾನೆಗೆ ಅನುಮತಿ ದೊರೆಯಲಿಲ್ಲ. ಫಲವಾಗಿ ಹೊರಗಿನವರು ಅದನ್ನು ಯಾವ ಅಂಜಿಕೆಯೂ ಇಲ್ಲದೆ ನಕಲು ಮಾಡಿದರು. ಇಟಲಿಯ ತಾನ್‌ಫೋಲ್ಯೊ ಕಾರ್ಖಾನೆಯ ಪಿಸ್ತೂಲುಗಳು ಈ ವಂಶದವೇ. ಸ್ವದೇಶದ ಜನರಿಗೆ ಅದು ಅಂಗಡಿಯಲ್ಲಿ ದೊರೆತದ್ದು 1985ರಲ್ಲಿ. ದೊರೆತೊಡನೆ ಅಲ್ಲಿನ ಕ್ರೀಡಾಳುಗಳು ಅದನ್ನು ಅಪ್ಪಿಕೊಂಡರು.

ಅದರ ರಚನೆಯಲ್ಲಿ ಒಂದು ಸೂಕ್ಷ್ಮವಿದೆ. ಗುಂಡು ಹಾರಿದಾಗ ಪಿಸ್ತೂಲಿನ ಮೇಲ್ಭಾಗ, ಅಂದರೆ ಸ್ಲೈಡು, ಹಿಂದಕ್ಕೆ ಜಾರಿ ಖಾಲಿ ತೋಟಾವನ್ನು ಹೊರಗೆಸೆದು, ಹೊಸದನ್ನು ತುಂಬಿಕೊಂಡು ಮುಂದಕ್ಕೆ ಬರುತ್ತದೆ. ಸಾಮಾನ್ಯವಾಗಿ ಸ್ಲೈಡು ಚೌಕಟ್ಟನ್ನು ಹೊರಗಿನಿಂದ ತಬ್ಬಿಕೊಂಡು ಜಾರುತ್ತದೆ. ಕೌಟ್ಸ್ಕಿಯವರ ಪಿಸ್ತೂಲಿನಲ್ಲಿ, ಅದಕ್ಕೂ ಹಿಂದಿನ ಸ್ವಿಸ್ ಸೈನ್ಯದ ಪಿ210ರಲ್ಲಿ ಇದ್ದಂತೆ, ಸ್ಲೈಡು ಚೌಕಟ್ಟಿನ ಒಳಗೆ ಜಾರುತ್ತದೆ. ಆದಕಾರಣ ಚಲಿಸುವ ಭಾಗ ಚಿಕ್ಕದು, ನಿಂತಿರುವ ಭಾಗ ದೊಡ್ಡದು. ಪಿಸ್ತೂಲನ್ನು ಆರಿಸುವವರು ಒಟ್ಟು ತೂಕಕ್ಕಿಂತ ಹೆಚ್ಚಾಗಿ ಇದನ್ನು ಗಮನಿಸತಕ್ಕದ್ದು. ಭಾರವಾದ ಸ್ಲೈಡು ಹಿಂದಕ್ಕೆ ಹೋಗಿ ನಿಲ್ಲುವಾಗ ಒಂದು ಪೆಟ್ಟು, ಮುಂದಕ್ಕೆ ಬಂದು ಮುಚ್ಚುವಾಗ ಇನ್ನೊಂದು ಪೆಟ್ಟು ಕೊಟ್ಟು ಗುರಿಯನ್ನು ಕದಲಿಸುತ್ತದೆ. ಭಾರವು ಚೌಕಟ್ಟಿನಲ್ಲಿದ್ದರೆ, ಅದರಲ್ಲಿಯೂ ನಳಿಗೆಯ ಕೆಳಗೆ ಮುಂತುದಿಯವರೆಗೆ ಹರಡಿದ್ದರೆ, ಮೂತಿ ಏಳುವುದು ಕಡಿಮೆ.

ಭಾರವು ಕೇಳುವ ಬಡ್ಡಿ

ಆದರೆ ಭಾರವು ಬಿಟ್ಟಿಯಾಗಿ ಉಪಕಾರ ಮಾಡುವುದಿಲ್ಲ. ಒನಕೆಯನ್ನು ನಡುವೆ ಹಿಡಿದು ತಿರುಗಿಸುವುದು ಸುಲಭ, ತುದಿಯಲ್ಲಿ ಹಿಡಿದು ತಿರುಗಿಸುವುದು ಕಷ್ಟ. ಮೂತಿ ಭಾರವಾದ ಪಿಸ್ತೂಲನ್ನು ಒಂದು ಗುರಿಯಿಂದ ಮತ್ತೊಂದಕ್ಕೆ ಹೊರಳಿಸಲು ಹೆಚ್ಚು ಬಲ ಬೇಕು. ಹೊರಳಿದ ಮೇಲೆ ಅದನ್ನು ಸರಿಯಾದೆಡೆಯಲ್ಲಿ ನಿಲ್ಲಿಸಲು ಮತ್ತೂ ಹೆಚ್ಚು ಬಲ ಬೇಕು. ತೋಳು ಪಳಗದವನ ಕೈಯಲ್ಲಿ ಅದು ಗುರಿಯನ್ನು ದಾಟಿ ಆಚೆಗೆ ಹೋಗುತ್ತದೆ. ಬೆಳಗಿನ ಹತ್ತು ಗುಂಡುಗಳಿಗೆ ಬಂಗಾರದಂತೆ ಒಪ್ಪಿದ ಪಿಸ್ತೂಲು ಸಂಜೆಯ ಹೊತ್ತಿಗೆ ಸೀಸದಂತಾಗುವುದೂ ಉಂಟು. ಬಳಲಿದ ತೋಳಿನ ನಡುಕವನ್ನು ಯಾವ ಉಕ್ಕೂ ನಿಲ್ಲಿಸಲಾರದು.

ಇಷ್ಟೇ ಮುಖ್ಯವಾದುದು ಟ್ರಿಗರ್. ಪ್ರೊಡಕ್ಷನ್ ವಿಭಾಗದಲ್ಲಿ ತೋಟಾಕ್ಕೆ ಪೆಟ್ಟು ಕೊಡುವ ಸುತ್ತಿಗೆಯನ್ನು ಇಳಿಸಿಯೇ ಪಿಸ್ತೂಲನ್ನು ಒರೆಯಲ್ಲಿ ಇಟ್ಟುಕೊಳ್ಳಬೇಕು. ಆದುದರಿಂದ ಮೊದಲ ಎಳೆತವೇ ಸುತ್ತಿಗೆಯನ್ನು ಎತ್ತಿ ಬೀಳಿಸಬೇಕು. ಅದು ನೀಳವಾದ, ಎರಡು ಮೂರು ಕಿಲೋಗ್ರಾಂ ಬಲವನ್ನು ಬೇಡಬಹುದಾದ ಎಳೆತ. ಎರಡನೆಯದರಿಂದ ಮುಂದಕ್ಕೆ ಎಳೆತ ಗಿಡ್ಡ ಮತ್ತು ಹಗುರ. ಬೆರಳಿನ ಬಲವು ಪಿಸ್ತೂಲಿನ ತೂಕದ ಮೂರು ನಾಲ್ಕರಷ್ಟಾದರೆ ಎಳೆಯುವಾಗಲೇ ಗುರಿ ಓರೆಯಾಗುತ್ತದೆ. ತೂಕ ಹೆಚ್ಚಿದ್ದರೆ ಈ ಅಪಾಯ ತಗ್ಗುತ್ತದೆ. ಆದರೆ ಬೆರಳು ಗಿಡ್ಡದಾಗಿ, ಸುತ್ತಿಗೆ ಇಳಿದಿರುವಾಗ ಮುಂದಕ್ಕೆ ಚಾಚಿರುವ ಟ್ರಿಗರನ್ನು ಬೆರಳ ತುದಿಯ ಮೆತ್ತನೆಯ ಭಾಗವು ಮುಟ್ಟದಿದ್ದರೆ ಎಷ್ಟು ಒಳ್ಳೆಯ ಪಿಸ್ತೂಲಾದರೂ ಅದು ಪರರ ಸೊತ್ತೇ. ಹಿಡಿಗೆ ತೆಳುವಾದ ಹಲಗೆಗಳನ್ನು ಹಾಕಿಸಿ ಅಥವಾ ಟ್ರಿಗರನ್ನೇ ಬದಲಾಯಿಸಿ, ನಿಯಮ ಒಪ್ಪಿದಷ್ಟು ಮಟ್ಟಿಗೆ, ಈ ಕೊರತೆಯನ್ನು ಸರಿಪಡಿಸಬಹುದು.

ಕೊಳ್ಳುವ ಮುನ್ನ

ಅಂಗಡಿಯಲ್ಲಿ ಅರೆನಿಮಿಷ ಹಿಡಿದು ನೋಡಿ ಮೆಚ್ಚುವುದು ಪರೀಕ್ಷೆಯಲ್ಲ. ಪಿಸ್ತೂಲು ಖಾಲಿಯೆಂಬುದನ್ನು ಎರಡು ಸಲ ನೋಡಿ ಖಚಿತಪಡಿಸಿಕೊಂಡು, ನಿರಪಾಯವಾದ ದಿಕ್ಕಿಗೆ ತಿರುಗಿ, ಮಾಲೀಕನ ಅನುಮತಿ ಪಡೆದು, ಕಣ್ಣು ಮುಚ್ಚಿಕೊಂಡು ಅದನ್ನು ಗುರಿಯತ್ತ ಚಾಚಬೇಕು. ಕಣ್ಣು ತೆರೆದಾಗ ಮುಂದಿನ ಸೈಟು ಹಿಂದಿನದರ ಕಂಡಿಯಲ್ಲಿ ತಾನಾಗಿಯೇ ಕಂಡರೆ ಹಿಡಿ ಆ ಕೈಗೆ ತಕ್ಕುದು. ಬಳಿಕ ಇಪ್ಪತ್ತು ಮೂವತ್ತು ಬಾರಿ ಅದನ್ನೇ ಮಾಡಿ ನೋಡಬೇಕು. ಕೊನೆಯ ಸಲವೂ ಮೊದಲಿನಂತೆಯೇ ಬಂದರೆ ತೋಳಿಗೂ ಒಪ್ಪಿತೆನ್ನಬಹುದು. ಸಾಧ್ಯವಾದರೆ ಯಾರಾದರೂ ಹಳಬರ ಪಿಸ್ತೂಲಿನಲ್ಲಿ ಅವರ ಸಮ್ಮುಖದಲ್ಲಿ ನೂರು ಗುಂಡು ಹಾರಿಸಿ ನೋಡುವುದು ಎಲ್ಲಕ್ಕಿಂತ ಉತ್ತಮ.

ಸಾಕುವ ಚಿಂತೆಯೂ ಇದೆ. ಉಕ್ಕಿಗೆ ಬೆವರು ಶತ್ರು; ಕರಾವಳಿಯಂಥ ಸೆಖೆಯ ನಾಡಿನಲ್ಲಿ ದಿನಬಿಟ್ಟು ದಿನ ಎಣ್ಣೆಯ ಬಟ್ಟೆ ಕಾಣಿಸದಿದ್ದರೆ ತುಕ್ಕು ಕಾಣಿಸುತ್ತದೆ. ಮೆದು ತೋಟಾಗಳಿಗೆ ಗಡುಸಾದ ಸ್ಪ್ರಿಂಗು ಹೊಂದುವುದಿಲ್ಲ. ಸ್ಲೈಡು ಪೂರ್ತಿ ಹಿಂದಕ್ಕೆ ಹೋಗದೆ ನಡುವೆ ಸಿಕ್ಕಿಕೊಳ್ಳುತ್ತದೆ. ಆಯುಧ ಕೈಕೊಟ್ಟರೆ ಏನಾಗುತ್ತದೆಂಬುದಕ್ಕೆ ದೂರದ ಉದಾಹರಣೆ ಬೇಡ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಭಾರತದ ಮನು ಭಾಕರ್ ಅವರ ಏರ್ ಪಿಸ್ತೂಲು ನಡುವೆ ಕೆಟ್ಟು ಅಮೂಲ್ಯವಾದ ನಿಮಿಷಗಳು ಕಳೆದುಹೋದವು, ಅಂತಿಮ ಸುತ್ತು ತಪ್ಪಿತು. ಎದೆಗುಂದದ ಆಕೆ 2024ರ ಪ್ಯಾರಿಸ್ ಕ್ರೀಡೆಗಳಲ್ಲಿ ಎರಡು ಕಂಚಿನ ಪದಕಗಳನ್ನು ಗೆದ್ದರು.

ಎಲ್ಲಕ್ಕೂ ಮೊದಲು ಕಾನೂನು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಗೆ ಒಳಪಟ್ಟು ಪರವಾನೆ ಪಡೆಯದೆ ಇಂಥ ಯಾವ ಪಿಸ್ತೂಲನ್ನೂ ಇಟ್ಟುಕೊಳ್ಳುವಂತಿಲ್ಲ. ಒಂಬತ್ತು ಮಿಲಿಮೀಟರಿನದಂತೂ ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಇಲ್ಲಿನ ಕ್ರೀಡಾಳುಗಳು ಬಹುಮಟ್ಟಿಗೆ .22 ಮತ್ತು .32 ಅಳತೆಯ ಪಿಸ್ತೂಲುಗಳಲ್ಲಿ, ಇಲ್ಲವೇ ಗಾಳಿಯ ಪಿಸ್ತೂಲಿನಲ್ಲಿ ಸಾಧನೆ ಮಾಡುತ್ತಾರೆ.

ಒಂಟಿ ಕೈಯ ಪಂಥ

ಒಲಿಂಪಿಕ್ ಸ್ಪರ್ಧೆಯಲ್ಲಿ ಎರಡನೆಯ ಕೈಯ ನೆರವೂ ಇಲ್ಲ. ಇಪ್ಪತ್ತೈದು ಮೀಟರಿನ ಶೀಘ್ರ ಸ್ಪರ್ಧೆಯಲ್ಲಿ ಐದು ಗುರಿಗಳಿಗೆ ಐದು ಗುಂಡುಗಳನ್ನು ಮೊದಲು 8 ಸೆಕೆಂಡುಗಳಲ್ಲಿ, ಆಮೇಲೆ 6ರಲ್ಲಿ, ಕೊನೆಗೆ 4ರಲ್ಲಿ ಒಂಟಿ ಕೈಯಿಂದ ಹೊಡೆಯಬೇಕು. ಅಲ್ಲಿ ಭಾರಕ್ಕೆ ಮಿತಿಯಿದೆ: ಪಿಸ್ತೂಲು 1400 ಗ್ರಾಂ ಮೀರಕೂಡದು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತೀಯ ಸೈನ್ಯದ ವಿಜಯ್ ಕುಮಾರ್ ಬೆಳ್ಳಿಯ ಪದಕ ಗೆದ್ದದ್ದು ಈ ಸ್ಪರ್ಧೆಯಲ್ಲಿಯೇ.

ಇದರ ಚರಿತ್ರೆಯಲ್ಲಿ ಮರೆಯಲಾಗದ ಹೆಸರು ಹಂಗೆರಿಯ ಕಾರೊಯ್ ಟಕಾಚ್ ಅವರದು. ಸೈನ್ಯದಲ್ಲಿದ್ದ ಅವರು ದೇಶದ ಅಗ್ರಮಾನ್ಯ ಪಿಸ್ತೂಲುಗಾರರಲ್ಲಿ ಒಬ್ಬರು. 1938ರಲ್ಲಿ ಕೈಬಾಂಬೊಂದು ಸಿಡಿದು ಅವರ ಬಲಗೈಯನ್ನು ಛಿದ್ರಗೊಳಿಸಿತು. ಗುರಿ ಹಿಡಿಯುತ್ತಿದ್ದ ಕೈ ಅದೇ. ಆಸ್ಪತ್ರೆಯಿಂದ ಹೊರಬಂದ ಅವರು ಯಾರಿಗೂ ತಿಳಿಸದೆ ಎಡಗೈಗೆ ಪಾಠ ಹೇಳಿಕೊಡಲು ತೊಡಗಿದರು. ಪಿಸ್ತೂಲಿನ ಭಾರವನ್ನೇ ಅರಿಯದ ತೋಳು, ಟ್ರಿಗರಿನ ಮರ್ಮ ತಿಳಿಯದ ಬೆರಳು! ಮರುವರ್ಷವೇ ಅವರು ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಹಂಗೆರಿಯ ತಂಡದಲ್ಲಿದ್ದರು. ಯುದ್ಧವು ಎರಡು ಒಲಿಂಪಿಕ್ಸುಗಳನ್ನು ನುಂಗಿತು. 1948ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, ಅವರು ಲಂಡನ್ನಿನಲ್ಲಿ 580 ಅಂಕಗಳ ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೆ ಚಿನ್ನ.

ಟಕಾಚ್ ಅವರ ಎಡಗೈ ಒಂದೇ ವರ್ಷದಲ್ಲಿ ಕಲಿತ ಪಾಠವನ್ನು ಇಂದು ಉಕ್ಕಿನ ಪಿಸ್ತೂಲನ್ನು ಬಯಸುವವರು ಎರಡೂ ಕೈಗಳಿಂದ ಕಲಿಯಬೇಕಾಗಿದೆ. ಭಾರವು ಒದೆತವನ್ನು ತಗ್ಗಿಸುತ್ತದೆ, ಟ್ರಿಗರಿನ ಒರಟುತನವನ್ನು ಮನ್ನಿಸುತ್ತದೆ, ಗುರಿಯನ್ನು ಬೇಗನೆ ಮರಳಿ ತರುತ್ತದೆ. ಆದರೆ ಆ ಭಾರವನ್ನು ದಿನದ ಕೊನೆಯ ಗುಂಡಿನವರೆಗೂ ಎತ್ತಿ ಹಿಡಿಯಬೇಕಾದುದು ತೋಳು. ಹೊಸಬನು ಮೊದಲ ಆರು ತಿಂಗಳು ಖಾಲಿ ಪಿಸ್ತೂಲನ್ನು ಹಿಡಿದು ನಿಲ್ಲುವ ಸಹನೆಯನ್ನು ಬೆಳೆಸಿಕೊಂಡರೆ, ಯಾವ ತೂಕದ್ದು ತನಗೆ ತಕ್ಕುದೆಂಬುದನ್ನು ಅವನ ತೋಳೇ ಹೇಳುತ್ತದೆ. ಹಣದ ಚೀಲವನ್ನು ಬಿಚ್ಚಲು ಅಲ್ಲಿಯವರೆಗೆ ಕಾದರೆ ನಷ್ಟವೇನೂ ಇಲ್ಲ.